"ಏನೂ ಮಾಡಲ್ಲ, ಬನ್ನಿ"



2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರದ ಪಶುಸಂಗೋಪನಾ ಇಲಾಖೆಯಿಂದ ರಾಜ್ಯಗಳಿಗೆಲ್ಲ ಒಂದು ಸುತ್ತೋಲೆ ಹೋಯಿತು. 23 ತಳಿಯ ನಾಯಿಗಳು ಮನುಷ್ಯರ ಜೀವಕ್ಕೆ ಅಪಾಯ, ಅವನ್ನು ಹೊರದೇಶದಿಂದ ತರಿಸಬಾರದು, ಮಾರಬಾರದು, ಮರಿ ಮಾಡಿಸಬಾರದು, ಈಗಾಗಲೇ ಮನೆಗಳಲ್ಲಿರುವವಕ್ಕೆ ಸಂತಾನಹರಣ ಮಾಡಿಸಬೇಕು ಎಂದು ಅದರಲ್ಲಿತ್ತು. ಪಟ್ಟಿಯಲ್ಲಿದ್ದ ಎಷ್ಟೋ ಹೆಸರುಗಳನ್ನು ನಮ್ಮ ಕಡೆಯವರು ಕೇಳಿಯೂ ಇರಲಿಲ್ಲ. ಟರ್ಕಿಯ ಕಂಗಾಲ್ ನಾಯಿಯನ್ನು ಮೈಸೂರಿನಲ್ಲಿ ಯಾರು ಕಂಡಿದ್ದಾರೆ? ಆದರೆ ಅದರಲ್ಲೊಂದು ಹೆಸರು ನಮ್ಮ ಬಡಾವಣೆಗಳಿಗೆ ಹೊಸದಲ್ಲ. ರಾಟ್‌ವೀಲರ್. ಕಪ್ಪು ಮೈ, ಹುಬ್ಬಿನ ಮೇಲೆ, ಕೆನ್ನೆಯಲ್ಲಿ, ಎದೆ ಮತ್ತು ಕಾಲುಗಳಲ್ಲಿ ಕಂದು ಗುರುತು, ಅಗಲ ತಲೆ. ಗೇಟಿನ ಸಂದಿಯಿಂದ ಅದರ ಮೂತಿ ಕಂಡರೆ ಸಾಕು, ಪೇಪರ್ ಹಾಕುವ ಹುಡುಗ ಪೇಪರನ್ನು ರಸ್ತೆಯಿಂದಲೇ ಎಸೆಯುತ್ತಾನೆ.

ಸುತ್ತೋಲೆ ಬಂದ ತಿಂಗಳೊಳಗೆ, ಏಪ್ರಿಲ್ 10ರಂದು, ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸಂಬಂಧಪಟ್ಟವರ ಮಾತನ್ನೇ ಕೇಳದೆ ಹೊರಡಿಸಿದ್ದು ನಿಲ್ಲುವುದಿಲ್ಲ ಎಂದಿತು. ನಾಯಿ ಸಾಕಿದವರು ಉಸಿರುಬಿಟ್ಟರು. ಅದಾಗಿ ಇನ್ನೊಂದು ತಿಂಗಳಾಗಿರಲಿಲ್ಲ, ಮೇ ತಿಂಗಳ ಮೊದಲ ವಾರ ಚೆನ್ನೈನ ಒಂದು ಉದ್ಯಾನದಲ್ಲಿ, ಅಲ್ಲೇ ಕಾವಲಿಗಿದ್ದವರ 5 ವರ್ಷದ ಮಗಳ ಮೇಲೆ ಎರಡು ರಾಟ್‌ವೀಲರ್‌ಗಳು ಎರಗಿದವು. ಮಗುವಿನ ತಲೆಗೆ ತೀವ್ರ ಗಾಯವಾಯಿತು.

ನಮ್ಮ ಮನೆಯಲ್ಲಿ ಇದೇ ತಳಿಯ ಹೆಣ್ಣುನಾಯಿ ಇದೆ. ಹೆಸರು ಪುಟ್ಟಿ, ತೂಕ 40 ಕಿಲೋ. ಆ ಸುದ್ದಿ ಓದಿದವರೆಲ್ಲ ನನ್ನ ಮುಖ ನೋಡಿದರು. ನಾಯಿಪ್ರಿಯರ ವಾಡಿಕೆಯಂತೆ "ಪಾಪದ ಪ್ರಾಣಿ, ಸುಮ್ಮನೆ ಹೆಸರು ಕೆಡಿಸಿದ್ದಾರೆ" ಎಂದು ಹೇಳಿ ನಾನು ಜಾರಿಕೊಳ್ಳುವುದಿಲ್ಲ. ಈ ನಾಯಿಯನ್ನು ಜನ ತಪ್ಪು ತಿಳಿದಿದ್ದಾರೆ ಅನ್ನುವುದು ನಿಜ. ಆದರೆ ಹೆದರುವವರು ತಿಳಿದಿರುವ ತಪ್ಪಿಗಿಂತ ಸಾಕುವವರು ತಿಳಿದಿರುವ ತಪ್ಪು ದೊಡ್ಡದು, ಅದರಿಂದ ಆಗುವ ಹಾನಿಯೂ ಹೆಚ್ಚು. ಇವತ್ತು ನಾನು ಹೇಳಬೇಕೆಂದಿರುವುದು ಅದನ್ನೇ.

ಈ ನಾಯಿಯ ತವರು ಜರ್ಮನಿಯ ನೈಋತ್ಯ ಭಾಗದ ರಾಟ್‌ವೈಲ್ ಎಂಬ ಊರು. ರೋಮನ್ನರ ಕಾಲದಿಂದ ಇರುವ ಪೇಟೆ, ಹಿಂದೆ ದನದ ವ್ಯಾಪಾರಕ್ಕೆ ಹೆಸರಾಗಿತ್ತು. ಅಲ್ಲಿನ ಕಸಾಯಿಯವರು ಹಳ್ಳಿಹಳ್ಳಿ ತಿರುಗಿ ದನ ಕೊಂಡು ಪೇಟೆಗೆ ಹೊಡೆದುಕೊಂಡು ಬರುವಾಗ ಈ ನಾಯಿ ಜೊತೆಗಿರುತ್ತಿತ್ತು. ದನ ಅಟ್ಟುವುದು, ಮಾಂಸದ ಗಾಡಿ ಎಳೆಯುವುದು, ರಾತ್ರಿ ಸರಕು ಕಾಯುವುದು ಅದರ ಕೆಲಸ. ದನ ಮಾರಿದ ಹಣದ ಚೀಲವನ್ನು ಅದರ ಕೊರಳಿಗೇ ಕಟ್ಟುತ್ತಿದ್ದರು ಎಂಬ ಹೇಳಿಕೆಯೂ ಇದೆ. ಆಮೇಲೆ ರೈಲು ಬಂತು. ದನವನ್ನು ರಸ್ತೆಯಲ್ಲಿ ಅಟ್ಟಿಕೊಂಡು ಹೋಗಲು ನಿಷೇಧವೂ ಬಂತು. ಗಾಡಿ ಎಳೆಯುವುದಕ್ಕೆ ಕತ್ತೆಗಳಾದವು. ಕೆಲಸ ಹೋದ ನಾಯಿಯನ್ನು ಯಾರು ಸಾಕುತ್ತಾರೆ? 1882ರಲ್ಲಿ ಹೈಲ್‌ಬ್ರಾನ್ ಎಂಬಲ್ಲಿ ನಡೆದ ನಾಯಿಗಳ ಪ್ರದರ್ಶನಕ್ಕೆ ಈ ತಳಿಯದು ಒಂದೇ ಒಂದು ಬಂದಿತ್ತಂತೆ, ಅದೂ ಲಕ್ಷಣವಾಗಿರಲಿಲ್ಲ. ಅಳಿದೇ ಹೋಗುತ್ತಿದ್ದ ತಳಿ ಉಳಿದದ್ದು ಪೊಲೀಸರಿಂದ. 1910ರ ಸುಮಾರಿಗೆ ಅದನ್ನು ಜರ್ಮನಿಯಲ್ಲಿ ಪೊಲೀಸ್ ನಾಯಿ ಎಂದು ಒಪ್ಪಿಕೊಂಡರು. 1921ರಲ್ಲಿ ಅಲ್ಲಿನ ರಾಟ್‌ವೀಲರ್ ಸಾಕುವವರ ಸಂಘಗಳೆಲ್ಲ ಒಂದಾದವು.

ಈ ಕತೆ ಯಾಕೆ ಹೇಳಿದೆ ಅಂದರೆ, ಪುಟ್ಟಿಯ ಮೈಯಲ್ಲಿ ಅದು ಇನ್ನೂ ಇದೆ. ಮನೆಗೆ ಬಂದ ನೆಂಟರ ತೊಡೆಗೆ ತನ್ನ ಪಕ್ಕೆ ಒತ್ತಿ ವಾಲಿಕೊಂಡು ನಿಲ್ಲುತ್ತಾಳೆ. ಅವರು ಒಂದು ಹೆಜ್ಜೆ ಸರಿದರೆ ಇವಳೂ ಸರಿದು ಮತ್ತೆ ಒತ್ತುತ್ತಾಳೆ. ನೆಂಟರಿಗೆ ಜೀವ ಬಾಯಿಗೆ ಬಂದಿರುತ್ತದೆ. ದನದ ಪಕ್ಕೆಗೆ ಮೈಯೊತ್ತಿ ದಾರಿಗೆ ತರುತ್ತಿದ್ದ ನಾಯಿಯ ಅಭ್ಯಾಸ ಅದು. ಕುರಿ ಕಾಯುವ ಬಾರ್ಡರ್ ಕಾಲಿ ಕಣ್ಣಿನಲ್ಲೇ ಕುರಿಯನ್ನು ಹಿಡಿದಿಟ್ಟರೆ, ರಾಟ್‌ವೀಲರ್ ತನ್ನ ತೂಕ ಬಳಸುತ್ತದೆ. ಇನ್ನೊಂದು, ಅದರ ಗೊರಗೊರ. ಕಿವಿಯ ಹಿಂದೆ ಕೆರೆದರೆ ಗಂಟಲಿನಿಂದ ಹಳೇ ಗ್ರೈಂಡರ್ ತಿರುಗಿದಂಥ ಸದ್ದು ಬರುತ್ತದೆ. ಗುರ್ರೆಂದಿತು ಅಂತ ಕೈ ಹಿಂದಕ್ಕೆಳೆದುಕೊಂಡವರೇ ಹೆಚ್ಚು. ತಳಿ ಬಲ್ಲವರು ಇದನ್ನು ಖುಷಿಯ ಸದ್ದು ಎಂದೇ ಗುರುತಿಸುತ್ತಾರೆ. ಮೈ ಸಡಿಲ, ಕಣ್ಣು ಅರ್ಧ ಮುಚ್ಚಿದ್ದರೆ ಖುಷಿ. ಮೈ ಬಿಗಿದು, ಬಾಯಿ ಮುಚ್ಚಿ, ದೃಷ್ಟಿ ನೆಟ್ಟಿದ್ದರೆ ಅದು ಬೇರೆ, ಅಲ್ಲಿಂದ ಹಿಂದೆ ಸರಿಯಬೇಕು.

ನಿಜವಾದ ಗುರುಗುಟ್ಟುವಿಕೆಗೆ ಎಷ್ಟೋ ಜನ ನಾಯಿಯನ್ನು ಹೊಡೆಯುತ್ತಾರೆ. ಅದಕ್ಕಿಂತ ಅವಿವೇಕ ಇನ್ನೊಂದಿಲ್ಲ. ಗುರುಗುಟ್ಟುವುದು ಎಚ್ಚರಿಕೆ, "ನನಗೆ ಇದು ಸರಿಹೋಗುತ್ತಿಲ್ಲ, ಸಾಕು" ಎಂದು ಹೇಳುವ ರೀತಿ. ಅದಕ್ಕೆ ಏಟು ಕೊಟ್ಟರೆ ನಾಯಿ ಎಚ್ಚರಿಕೆ ಕೊಡುವುದನ್ನು ಬಿಡುತ್ತದೆ, ಅಸಮಾಧಾನವನ್ನು ಬಿಡುವುದಿಲ್ಲ. ಆಮೇಲೆ "ಒಂದು ಸದ್ದೂ ಮಾಡದೆ ಕಚ್ಚಿಬಿಡ್ತು ಕಣ್ರೀ" ಎಂದು ಅವರೇ ಹೇಳುತ್ತಾರೆ.

ಇನ್ನು ತಳಿಯಲ್ಲೇ ಕ್ರೌರ್ಯ ಇದೆಯೇ ಎಂಬ ಪ್ರಶ್ನೆ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನಕ್ಕಾಗಿ 18,000ಕ್ಕೂ ಹೆಚ್ಚು ನಾಯಿಗಳ ಮಾಲೀಕರಿಂದ ಉತ್ತರ ಪಡೆದರು, 2,000ಕ್ಕೂ ಹೆಚ್ಚು ನಾಯಿಗಳ ವಂಶವಾಹಿ ನೋಡಿದರು. ನಾಯಿ ನಾಯಿಗೆ ಇರುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇಕಡಾ 9 ಮಾತ್ರ ಎಂದು ಕಂಡುಬಂತು. ಅದಕ್ಕೂ ಮುಂಚೆ, 2008ರಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೇಮ್ಸ್ ಸರ್ಪೆಲ್ ಮತ್ತು ಸಂಗಡಿಗರು ಮಾಡಿದ ಅಧ್ಯಯನದಲ್ಲಿ ಮನುಷ್ಯರ ಮೇಲೆ ಸಿಟ್ಟಾಗುವುದರಲ್ಲಿ ಮುಂದಿದ್ದದ್ದು ಯಾರು ಗೊತ್ತೇ? ಡ್ಯಾಶ್‌ಹೌಂಡ್ ಮತ್ತು ಚಿವಾವಾ. ಮಡಿಲಲ್ಲಿ ಮಲಗಿಸಿಕೊಳ್ಳುವ ನಾಯಿಗಳು.

ಇದನ್ನು ಕೇಳಿ ರಾಟ್‌ವೀಲರ್ ಇಟ್ಟವರು ಸಂಭ್ರಮಪಡುವುದುಂಟು. ಪೂರ್ತಿ ಕೇಳಬೇಕು. ಅಮೆರಿಕದಲ್ಲಿ 1979ರಿಂದ 1998ರವರೆಗೆ ನಾಯಿಗಳ ದಾಳಿಯಿಂದಾದ ಸಾವುಗಳಲ್ಲಿ ತಳಿ ಗೊತ್ತಾದ 238 ಪ್ರಕರಣಗಳನ್ನು ನೋಡಿದಾಗ, ಪಿಟ್‌ಬುಲ್ ಬಗೆಯವು ಮತ್ತು ರಾಟ್‌ವೀಲರ್ ಸೇರಿ ಅರ್ಧಕ್ಕಿಂತ ಹೆಚ್ಚು ಸಾವುಗಳಲ್ಲಿ ಇದ್ದವು. 1990ರ ದಶಕದಲ್ಲಿ ರಾಟ್‌ವೀಲರ್ ಅಲ್ಲಿ ಎರಡನೇ ಜನಪ್ರಿಯ ತಳಿಯಾಗಿತ್ತು, ಬೇಕಾಬಿಟ್ಟಿ ಮರಿ ಮಾಡಿಸಿ ಮಾರುತ್ತಿದ್ದರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಆದರೂ ಒಂದು ವಿಷಯ ಉಳಿಯುತ್ತದೆ. ಚಿವಾವಾ ಕಚ್ಚಿದರೆ ಡೆಟಾಲ್ ಹಚ್ಚಿ ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತೀರಿ. 50 ಕಿಲೋದ ಗಂಡು ರಾಟ್‌ವೀಲರ್ ಕಚ್ಚಿದರೆ ಮಗುವಿಗೆ ಶಸ್ತ್ರಚಿಕಿತ್ಸೆ. ಸಣ್ಣ ನಾಯಿಯವರು ಹತ್ತು ಸಲ ಅಜಾಗರೂಕರಾದರೂ ನಡೆದುಹೋಗುತ್ತದೆ. ದೊಡ್ಡ ನಾಯಿಯವರಿಗೆ ಆ ಸ್ವಾತಂತ್ರ್ಯ ಇಲ್ಲ.

ಇಲ್ಲಿಗೆ ಸಾಕುವವರ ವಿಷಯಕ್ಕೆ ಬಂದೆ. ಇವರಲ್ಲಿ ಒಂದು ಬಗೆಯವರಿಗೆ ಅದು ಹುಲಿ. ಅದನ್ನು ತರುವುದೇ ಬೀದಿಗೆ ತೋರಿಸುವುದಕ್ಕೆ. ಹಗಲೆಲ್ಲ ಕಾರ್ ಶೆಡ್ಡಿನಲ್ಲಿ ಕಟ್ಟಿಹಾಕುತ್ತಾರೆ, ಕತ್ತಲಾದ ಮೇಲೆ ಬಿಡುತ್ತಾರೆ. ಹೊರಗಿನವರ ಕೈಯಲ್ಲಿ ಮುಟ್ಟಿಸಕೂಡದು, ಹಸಿ ಮಾಂಸ ಹಾಕಬೇಕು, ಮೆಣಸಿನಕಾಯಿ ತಿನ್ನಿಸಿದರೆ ರೋಷ ಬರುತ್ತದೆ, ಬಾಲ ಕತ್ತರಿಸಿದರೆ ಚುರುಕಾಗುತ್ತದೆ. ಇವೆಲ್ಲ ನಾನು ನನ್ನ ಕಿವಿಯಾರೆ ಕೇಳಿದ ಉಪದೇಶಗಳು. ಜರ್ಮನಿಯಲ್ಲಿ 1998ರಿಂದ ಬಾಲ ಕತ್ತರಿಸುವುದಕ್ಕೆ ನಿಷೇಧವಿದೆ, ಈ ತಳಿಯ ನಾಯಿಗಳು ಅಲ್ಲಿ ಪೂರ್ತಿ ಬಾಲ ಇಟ್ಟುಕೊಂಡೇ ಓಡಾಡುತ್ತವೆ. ಮನುಷ್ಯನ ಜೊತೆ ದಿನವಿಡೀ ನಡೆದು ದುಡಿಯಲು ಬೆಳೆಸಿದ ಪ್ರಾಣಿ ಅದು. ಅದನ್ನು ನಾಲ್ಕು ಅಡಿ ಸರಪಳಿಯಲ್ಲಿ ಒಂಟಿಯಾಗಿ ಕಟ್ಟಿದರೆ, ದಾರಿಯಲ್ಲಿ ಹೋಗುವ ಪ್ರತಿಯೊಬ್ಬರನ್ನೂ ಬೊಗಳಿ ಓಡಿಸುವುದೇ ಅದರ ಕೆಲಸವಾಗುತ್ತದೆ. ಬೊಗಳಿದಾಗ ಜನ ಹೇಗೂ ಮುಂದೆ ಹೋಗುತ್ತಾರೆ. ತಾನೇ ಓಡಿಸಿದೆ ಎಂದು ಅದು ತಿಳಿಯುತ್ತದೆ. ಒಂದು ದಿನ ಸರಪಳಿಯ ಕೊಂಡಿ ಕಳಚುತ್ತದೆ.

ಇವರಲ್ಲೇ ಕೆಲವರು "ನಾಯಿಗೆ ನಾವೇ ಯಜಮಾನರು ಅಂತ ತೋರಿಸಬೇಕು" ಎಂದು ಮರಿಯನ್ನು ಮಗುಚಿ ಹಾಕಿ ಎದೆ ಅದುಮಿ ಹಿಡಿಯುತ್ತಾರೆ. ಬಾಡಿಗೆ ತರಬೇತುದಾರರು ಇದನ್ನು ಶಾಸ್ತ್ರದಂತೆ ಹೇಳಿಕೊಡುತ್ತಾರೆ. ಇದರ ಮೂಲ ತೋಳಗಳ ಮೇಲಿನ ಹಳೆಯ ಅಧ್ಯಯನ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬವರು ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ, ಅವು ಮೇಲುಗೈಗಾಗಿ ಸದಾ ಕಾದಾಡುತ್ತವೆ ಎಂದು ಬರೆದರು. ಅಮೆರಿಕದ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಆ ಮಾತನ್ನು ಮುಂದುವರಿಸಿದರು. ಆಮೇಲೆ ಅದೇ ಮೆಕ್ ಕಾಡಿನಲ್ಲಿ ತೋಳಗಳನ್ನು ವರ್ಷಗಟ್ಟಲೆ ನೋಡಿ, 1999ರ ಲೇಖನದಲ್ಲಿ, ಗುಂಪು ಅಂದರೆ ಅಪ್ಪ ಅಮ್ಮ ಮತ್ತು ಮಕ್ಕಳ ಸಂಸಾರ, ಅಲ್ಲಿ ಯಜಮಾನಿಕೆಯ ಕಾದಾಟದ ಮಾತು ಹೊಂದುವುದಿಲ್ಲ ಎಂದು ಬರೆದರು. ಹೇಳಿದವರೇ ಹಿಂತೆಗೆದುಕೊಂಡ ಮಾತು ನಮ್ಮ ಬಡಾವಣೆಯ ಮೈದಾನದಲ್ಲಿ ಇನ್ನೂ ಓಡುತ್ತಿದೆ. ಕೂಡಿಹಾಕಿದ ತೋಳ ನೋಡಿ ಮನೆ ನಾಯಿಯ ಎದೆಯ ಮೇಲೆ ಕೂರುವುದು ಯಾವ ನ್ಯಾಯವೋ!

ಎರಡನೆಯ ಬಗೆಯವರಿಗೆ ಅದು ಮಗು. ಇವರು ಒಳ್ಳೆಯವರು, ಹೊಡೆಯುವುದಿಲ್ಲ, ಕಟ್ಟುವುದಿಲ್ಲ. ಆದರೆ ಕಲಿಸುವುದೂ ಇಲ್ಲ. ಉದ್ಯಾನದಲ್ಲಿ ಹಗ್ಗ ಬಿಚ್ಚಿ ಬಿಡುತ್ತಾರೆ. ಎದುರಿಗೆ ಬಂದವರು ಹೆದರಿ ನಿಂತರೆ ದೂರದಿಂದಲೇ ಕೂಗುತ್ತಾರೆ: "ಏನೂ ಮಾಡಲ್ಲ, ಬನ್ನಿ." ನನ್ನ ಮಟ್ಟಿಗೆ ನಾಯಿ ಸಾಕುವವರ ಬಾಯಿಂದ ಬರುವ ಅತ್ಯಂತ ಅಪಾಯದ ಮಾತು ಇದು. ಹೆದರಿದವರು ಸೆಟೆದು ನಿಲ್ಲುತ್ತಾರೆ, ನಾಯಿಯ ಕಣ್ಣನ್ನೇ ನೋಡುತ್ತಾರೆ, ಇದ್ದಕ್ಕಿದ್ದಂತೆ ಓಡುತ್ತಾರೆ. ಮೂರೂ ನಾಯಿಯನ್ನು ಕೆಣಕುವಂಥವು. ಜೊತೆಗೆ, ಆ ದಾರಿ ಅವರದೂ ಹೌದಲ್ಲ. ಹೆದರಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ. ಕಾನೂನೂ ಹೀಗೇ ನೋಡುತ್ತದೆ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ಸಾಕುಪ್ರಾಣಿಯಿಂದ ಜೀವಕ್ಕೆ ಅಪಾಯವಾಗದಂತೆ ಎಚ್ಚರ ವಹಿಸದ ಮಾಲೀಕರಿಗೆ 6 ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಹಾಗಾದರೆ ಕಲಿಸುವುದು ಹೇಗೆ? ನಮ್ಮ ಮನೆಯಲ್ಲಿ ಪುಟ್ಟಿಗೆ ಚೆನ್ನಾಗಿ ಕಲಿಸಿದವರು ನಮ್ಮ ಅತ್ತೆಯವರು. ನಾಯಿ ತರುವುದಕ್ಕೇ ಅವರ ಒಪ್ಪಿಗೆ ಇರಲಿಲ್ಲ. ಮಡಿಯ ಹೆಂಗಸು. ಕೊನೆಗೆ ಒಂದು ಕರಾರಿನ ಮೇಲೆ ಒಪ್ಪಿದರು: ಅಡುಗೆಮನೆ, ದೇವರಮನೆ, ಎರಡರ ಹೊಸ್ತಿಲನ್ನೂ ಅದು ದಾಟಕೂಡದು. ಮರಿ ಹೊಸ್ತಿಲ ಮೇಲೆ ಒಂದು ಕಾಲಿಟ್ಟರೂ ಸಾಕು, ತರಕಾರಿ ಹೆಚ್ಚುತ್ತಿದ್ದವರು ಈಳಿಗೆಮಣೆ ಬಿಟ್ಟು ಎದ್ದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಬೈಗುಳವಿಲ್ಲ, ಕೋಲಿಲ್ಲ. "ಊಹೂಂ" ಎಂದು ಒಂದು ಸಲ. ಅದು ಹಿಂದೆ ಸರಿದು ಕುಳಿತ ಕೂಡಲೇ ಒಂದು ಚೂರು ಚಪಾತಿ ಹೊಸ್ತಿಲಾಚೆಗೆ ಬೀಳುತ್ತಿತ್ತು. ಮೇಲಿನಿಂದ, ಮುಟ್ಟದೆ. ಹಬ್ಬವಿರಲಿ, ಜ್ವರವಿರಲಿ, ನೆಂಟರಿರಲಿ, ಈ ನಿಯಮಕ್ಕೆ ವಿನಾಯಿತಿ ಇರಲಿಲ್ಲ. ಈಗ ಅಡುಗೆಮನೆಯಲ್ಲಿ ಯಾರೂ ಇಲ್ಲದೆ, ಕೆಳಗೆ ಹಾಲು ಚೆಲ್ಲಿದ್ದರೂ ಪುಟ್ಟಿ ಹೊಸ್ತಿಲಾಚೆ ಕುಳಿತು ನೋಡುತ್ತಾಳೆ. ನಮ್ಮ ಯಜಮಾನರ ವಿಷಯ ಬೇರೆ. ಭಾನುವಾರ ಕ್ರಿಕೆಟ್ ನೋಡುವಾಗ "ಬಾರೇ" ಎಂದು ಸೋಫಾ ಮೇಲೆ ಕರೆಯುತ್ತಾರೆ, ಸೋಮವಾರ ಆಫೀಸಿಗೆ ಹೊರಡುವ ಮುಂಚೆ ಅದೇ ಸೋಫಾ ಮೇಲಿಂದ ಗದರಿಸಿ ಇಳಿಸುತ್ತಾರೆ. ಸೋಫಾ ವ್ಯಾಜ್ಯ ಇವತ್ತಿನವರೆಗೂ ತೀರ್ಮಾನವಾಗಿಲ್ಲ.

ತರಬೇತಿಯ ಪುಸ್ತಕಗಳು ಹೇಳುವುದೂ ಅತ್ತೆಯವರು ಮಾಡಿದ್ದನ್ನೇ. ಬೇಕಾದದ್ದನ್ನು ಮಾಡಿದ ಕ್ಷಣದಲ್ಲಿ ಬಹುಮಾನ, ಬೇಡದ್ದಕ್ಕೆ ಲಾಭವಿಲ್ಲ, ಮನೆಯವರೆಲ್ಲರ ಬಾಯಲ್ಲೂ ಒಂದೇ ಮಾತು. ರಾಟ್‌ವೀಲರ್ ಬೇಗ ಕಲಿಯುತ್ತದೆ. ಹಾಗೆಯೇ ಯಾರ ಮಾತಿಗೆ ಬೆಲೆಯಿಲ್ಲ ಎನ್ನುವುದನ್ನೂ ಬೇಗ ಕಲಿಯುತ್ತದೆ.

ಕಾಲದ ವಿಷಯದಲ್ಲಿ ಮಾತ್ರ ಸಾವಕಾಶವಿಲ್ಲ. ಮರಿ ಲೋಕವನ್ನು ಹೆದರಿಕೆಯಿಲ್ಲದೆ ಒಪ್ಪಿಕೊಳ್ಳುವ ಕಿಟಕಿ ಹುಟ್ಟಿದ ಮೂರನೇ ವಾರಕ್ಕೆ ತೆರೆದು, ಸುಮಾರು ಹನ್ನೆರಡು ಹದಿನಾಲ್ಕನೇ ವಾರಕ್ಕೆ ಮುಚ್ಚುತ್ತಾ ಬರುತ್ತದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ಮರಿಗಳನ್ನು ಬೆಳೆಸಿ ನೋಡಿ 1965ರಲ್ಲಿ ಇದರ ಬಗ್ಗೆ ದೊಡ್ಡ ಪುಸ್ತಕ ಬರೆದರು. ಆ ವಾರಗಳಲ್ಲಿ ಮರಿ ಬುರ್ಖಾ, ಹೆಲ್ಮೆಟ್, ಊರುಗೋಲು, ಛತ್ರಿ, ಗಡ್ಡ, ಅಳುವ ಮಗು, ಆಟೋ, ತಮಟೆ, ಎಲ್ಲವನ್ನೂ ನೋಡಬೇಕು. ನಮ್ಮಲ್ಲಿ ಒಂದು ತೊಡಕಿದೆ. ಪಾರ್ವೋ ಎಂಬ ವಾಂತಿಭೇದಿಯ ರೋಗ ಈ ತಳಿಯ ಮರಿಗಳಿಗೆ ಬೇರೆಯವಕ್ಕಿಂತ ಬೇಗ ಅಂಟುತ್ತದೆ, ಲಸಿಕೆಯ ಸುತ್ತು ಮುಗಿಯುವುದು ಹದಿನಾರನೇ ವಾರದ ಹೊತ್ತಿಗೆ. ಆದ್ದರಿಂದ ನೆಲಕ್ಕೆ ಬಿಡದೆ ಎತ್ತಿಕೊಂಡೇ ತಿರುಗಬೇಕು. ಮೈಸೂರಿನ ದೇವರಾಜ ಮಾರುಕಟ್ಟೆಯ ಹೊರಗೆ ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರೆ ಅರ್ಧ ಲೋಕ ಎದುರಿಗೆ ಹಾದುಹೋಗುತ್ತದೆ. ಹೂ ಮಾರುವವರು ನನ್ನನ್ನು ಹುಚ್ಚಿ ಎಂದುಕೊಂಡಿರಬೇಕು.

ಹಗ್ಗ ಎಳೆಯದೆ ನಡೆಯುವುದನ್ನೂ ಮರಿಯಿದ್ದಾಗಲೇ ಕಲಿಸಬೇಕು. ಮರಿ ಎಳೆದರೆ ನಿಂತುಬಿಡುವುದು, ಹಗ್ಗ ಸಡಿಲವಾದಾಗ ಮತ್ತೆ ನಡೆಯುವುದು. ಬೇಸರದ ಕೆಲಸ, ಬೀದಿಯ ತುದಿ ತಲುಪಲು ಅರ್ಧ ಗಂಟೆ. ಆದರೆ 40 ಕಿಲೋ ಆದ ಮೇಲೆ ಈ ಪಾಠ ಶುರುಮಾಡಿದರೆ ಬೀದಿಯಲ್ಲಿ ಯಾರು ಯಾರನ್ನು ವಾಕಿಂಗ್ ಮಾಡಿಸುತ್ತಿದ್ದಾರೆ ಎಂದು ಜನ ಕೇಳುತ್ತಾರೆ. ಎಂಟು ತಿಂಗಳಿನಿಂದ ಒಂದೂವರೆ ವರ್ಷದವರೆಗೆ ಇನ್ನೊಂದು ಪರೀಕ್ಷೆ. ಕಲಿತದ್ದೆಲ್ಲ ಮರೆತಂತೆ ಆಡುತ್ತದೆ, ಅಪರಿಚಿತರನ್ನು ಅನುಮಾನಿಸುತ್ತದೆ. ನಾಯಿಗಳನ್ನು ಬೀದಿಗೆ ಬಿಟ್ಟುಹೋಗುವವರು, ಯಾರಿಗಾದರೂ ಕೊಟ್ಟು ಕೈತೊಳೆದುಕೊಳ್ಳುವವರು ಹೆಚ್ಚಾಗಿ ಈ ವಯಸ್ಸಿನಲ್ಲೇ ಹಾಗೆ ಮಾಡುತ್ತಾರೆ.

ಗೇಟಿನ ಕ್ರಮ ನಮ್ಮಲ್ಲಿ ಹೀಗಿದೆ. ಬೆಲ್ ಆದರೆ ಪುಟ್ಟಿ ಹಜಾರದ ಮೂಲೆಯ ಚಾಪೆಗೆ ಹೋಗಿ ಕೂರಬೇಕು, ಅಲ್ಲಿ ಅವಳಿಗೆ ಬೇಯಿಸಿದ ಕೋಳಿಯ ಒಂದು ಚೂರು ಸಿಗುತ್ತದೆ. ಅತ್ತೆಯವರ ಮನೆಯಲ್ಲಿ ಕೋಳಿ ಎಲ್ಲಿ ಬೇಯುತ್ತದೆ ಎಂದು ಕೇಳಬೇಡಿ, ಹಿತ್ತಿಲಲ್ಲಿ ಬೇರೆ ಒಲೆ ಇದೆ. ಮೊದಲು ನಮ್ಮ ಮಗಳೇ ಹೊರಗೆ ನಿಂತು ಬೆಲ್ ಒತ್ತಿ ಒತ್ತಿ ಇದನ್ನು ರೂಢಿ ಮಾಡಿಸಿದಳು. ಆದರೂ ಗ್ಯಾಸ್ ಸಿಲಿಂಡರಿನವರು ಬಂದು "ಮೇಡಂ, ನಾಯಿ ಕಟ್ಟಿ" ಎಂದರೆ ನಾನು ವಾದ ಮಾಡುವುದಿಲ್ಲ. ಪುಟ್ಟಿಯನ್ನು ಕೋಣೆಗೆ ಕಳಿಸಿ ಬಾಗಿಲು ಹಾಕುತ್ತೇನೆ. ಮಕ್ಕಳು ಮನೆಗೆ ಬಂದಾಗಲೂ ಅಷ್ಟೆ, ದೊಡ್ಡವರೊಬ್ಬರು ಜೊತೆಗಿಲ್ಲದೆ ನಾಯಿ ಮತ್ತು ಮಗು ಒಂದೇ ಕೋಣೆಯಲ್ಲಿ ಇರುವುದಿಲ್ಲ. ಬಾಯಿಕುಕ್ಕೆ ಹಾಕಿಕೊಂಡು ಓಡಾಡುವುದನ್ನೂ ಅವಳಿಗೆ ಕಲಿಸಿದ್ದೇವೆ. ಉಸಿರಾಡಲು, ನೀರು ಕುಡಿಯಲು ಆಗುವಂಥ ಬುಟ್ಟಿಯಾಕಾರದ್ದು. ಐರ್ಲೆಂಡಿನಲ್ಲಿ ಈ ತಳಿ ಬೀದಿಗೆ ಬಂದರೆ ಕುಕ್ಕೆ ಕಡ್ಡಾಯ. ನಾವೂ ಲಿಫ್ಟಿನಲ್ಲಿ, ಆಸ್ಪತ್ರೆಯಲ್ಲಿ ಹಾಕುತ್ತೇವೆ. ಅವಮಾನವೇನಿಲ್ಲ. ಉಳುವ ಎತ್ತಿಗೂ ಹಾಕುತ್ತೇವಲ್ಲ.

ನಮ್ಮ ಹವೆಯ ಬಗ್ಗೆ ಎರಡು ಮಾತು. ಕಪ್ಪು ಮೈ, ದಪ್ಪ ಮೈ. ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆ ವಾಕಿಂಗ್ ಮುಗಿಯಬೇಕು. ಕೈಯ ಹಿಂಬದಿಯನ್ನು ಟಾರ್ ರಸ್ತೆಗೆ ಒತ್ತಿ ಇಟ್ಟುಕೊಳ್ಳಲಾಗದಿದ್ದರೆ ಅದರ ಪಾದಕ್ಕೂ ಆಗದು. ಉಣ್ಣೆಹುಳದಿಂದ ಬರುವ ಜ್ವರಕ್ಕೆ ಮಳೆಗಾಲವಿಡೀ ಕಾವಲಿರಬೇಕು. ಮರಿ ಬೇಗ ದಪ್ಪವಾಗಲೆಂದು ತುರುಕಿದರೆ ಸೊಂಟದ ಕೀಲು ಕೆಡುತ್ತದೆ, ಈ ತಳಿಗೆ ಅದು ಮೊದಲೇ ದುರ್ಬಲ. ಊಟ ಎರಡು ಹೊತ್ತು ಹಂಚಿ ಕೊಡಬೇಕು, ತಿಂದ ಕೂಡಲೇ ಓಡಿಸಬಾರದು. ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ಆಯಸ್ಸು ಎಂಟು ಹತ್ತು ವರ್ಷ.

ಇಷ್ಟು ಕೇಳಿಯೂ ಒಂದು ಮರಿ ತರಬೇಕು ಅನ್ನಿಸಿದವರಿಗೆ ಕೊನೆಯ ಮಾತು. ಬೆಳಗ್ಗೆ ಹೋಗಿ ರಾತ್ರಿ ಬರುವ ಗಂಡ ಹೆಂಡತಿ, ಬಾಡಿಗೆ ಮನೆಯವರು, ತೋಟದ ಮನೆಗೆ ಕಾವಲಿಗೆ ಬಿಟ್ಟು ವಾರಕ್ಕೊಮ್ಮೆ ಹೋಗುವವರು ದಯವಿಟ್ಟು ಬೇಡ. ಉಳಿದವರು ಮರಿ ನೋಡಲು ಹೋದಾಗ "ಡಬಲ್ ಬೋನ್, ಚಾಂಪಿಯನ್ ಲೈನ್" ಎಂಬ ಮಾತಿಗೆ ಕಿವಿಗೊಡಬೇಡಿ. 2017ರ ನಾಯಿ ಸಂತಾನಾಭಿವೃದ್ಧಿ ನಿಯಮಗಳ ಪ್ರಕಾರ ಎಂಟು ವಾರದೊಳಗಿನ ಮರಿ ಮಾರುವಂತಿಲ್ಲ. ವಯಸ್ಸು ಕೇಳಿ. ಜರ್ಮನಿಯ ಸಂಘದಲ್ಲಿ, ಮರಿ ಮಾಡಿಸುವ ಮುಂಚೆ ತಾಯಿ ತಂದೆಯ ಸೊಂಟದ ಎಕ್ಸ್‌ರೇ ಆಗಬೇಕು, ಸ್ವಭಾವದ ಪರೀಕ್ಷೆಯಲ್ಲಿ ಪಾಸಾಗಬೇಕು. ನಮ್ಮಲ್ಲಿ ಅದನ್ನು ಯಾರೂ ತೋರಿಸುವುದಿಲ್ಲ, ನೀವೇ ಪರೀಕ್ಷಕರಾಗಬೇಕು. ಮರಿ ನೋಡುವ ಮೊದಲು ತಾಯಿ ನಾಯಿಯನ್ನು ತೋರಿಸಿ ಅನ್ನಿ. ಅದು ನಿಮ್ಮ ಹತ್ತಿರ ಬಂದು ಮೂಸಿ, ತನ್ನ ಪಾಡಿಗೆ ಹೋಗಿ ಮಲಗಿದರೆ ಮುಂದಿನ ಮಾತಾಡಿ. "ತಾಯಿ ಹಿಂದೆ ಕಟ್ಟಿಹಾಕಿದೆ ಸರ್, ತುಂಬ ಜೋರು, ಹತ್ರ ಹೋಗೋಕಾಗಲ್ಲ" ಎಂದು ಹೆಮ್ಮೆಯಿಂದ ಹೇಳಿದರೆ, ಮರಿ ಎಷ್ಟೇ ಮುದ್ದಾಗಿರಲಿ, ಮುಂಗಡ ಕೊಡದೆ ಎದ್ದು ಬನ್ನಿ.